ಮಿಷನ್ ಮೇಸ್ತ್ರಿ

ಹೂಮಳೆ ಬಿದ್ದು, ಅದರ ಬೆನ್ನಿಗೆ ಬ್ಯಾಕಿಂಗ್ ಮಳೆಯೂ ಬಿದ್ದು, ಕಾಫಿಯ ಹೂವೆಲ್ಲ ಕಂದಿ ಉದುರಿದ ಮೇಲೆ ಚಿಕ್ಕಮಗಳೂರು ಸೀಮೆಯಲ್ಲಿ ಎಂಎಲ್‌ಎಗಿಂತ ಹೆಚ್ಚು ಜನ ಹುಡುಕುವ ಮನುಷ್ಯನೊಬ್ಬನಿದ್ದಾನೆ. ಎಂಎಲ್‌ಎ ಆದರೂ ಮದುವೆ ಮನೆಗಳಲ್ಲಿ ಸಿಗುತ್ತಾರೆ. ಇವನು ಅಲ್ಲಿಯೂ ಮೊದಲ ಪಂಕ್ತಿಯಲ್ಲೇ ಉಂಡು ಹಿತ್ತಿಲ ಬಾಗಿಲಿನಿಂದ ಹೋಗಿರುತ್ತಾನೆ. ಅವನೇ ಮರಗಸಿ ಮೇಸ್ತ್ರಿ, ತೋಟದ ನೆರಳಿನ ಮರಗಳ ಕೊಂಬೆ ಸವರಿಸುವವನು. ಆಲ್ದೂರಿಗೊಬ್ಬ, ಬಣಕಲ್‌ಗೊಬ್ಬ, ಬಾಳೂರಿಗೊಬ್ಬ, ಕಳಸಕ್ಕೆ ಇಬ್ಬರು. ಆ ಇಬ್ಬರಿಗೂ ಮಾತಿಲ್ಲ. ಹೆಸರು ಬೇರೆ, ಜಾತಿ ಬೇರೆ, ಮೀಸೆಯ ಅಳತೆ ಬೇರೆ. ಉಳಿದಂತೆ ಒಬ್ಬನನ್ನು ನೋಡಿದರೆ ಐವರನ್ನೂ ನೋಡಿದ ಹಾಗೆ.

ಅವನ ಕಂಪನಿಗೆ ಬೋರ್ಡಿಲ್ಲ, ಆಫೀಸಿಲ್ಲ. ಒಂದು ಪಿಕಪ್ ಇದೆ. ಅದರ ಹಿಂದಿನ ಹಲಗೆಯ ಮೇಲೆ ‘ಹಸಿರೇ ಉಸಿರು’ ಎಂದು ಬರೆಸಿ, ಅದರ ಕೆಳಗೇ ‘ಇಲ್ಲಿ ಮರ ಕೊಯ್ದುಕೊಡಲಾಗುವುದು’ ಎಂದು ಫೋನ್ ನಂಬರ್ ಸಮೇತ ಬರೆಸಿದ್ದಾನೆ. ಪಿಕಪ್ಪಿನೊಳಗೆ ಎರಡು ಚೈನ್ ಸಾ. ಒಂದು ಓಡುತ್ತದೆ, ಇನ್ನೊಂದು ಮೊದಲನೆಯದಕ್ಕೆ ಬಿಡಿಭಾಗ ಒದಗಿಸುತ್ತದೆ. ಮೂವರು ಹುಡುಗರು: ಊರಿನವನೊಬ್ಬ, ಅಸ್ಸಾಮಿನವರಿಬ್ಬರು. ಅಸ್ಸಾಮಿನ ಹುಡುಗರ ಜೊತೆ ಅವನು ಆಡುವ ಹಿಂದಿಯಲ್ಲಿ ‘ಇಧರ್’, ‘ಉಧರ್’ ಬಿಟ್ಟರೆ ಮಿಕ್ಕಿದ್ದೆಲ್ಲ ಕನ್ನಡವೇ. ಆದರೂ ನಲವತ್ತು ಅಡಿ ಮೇಲಿರುವ ಹುಡುಗ ಸರಿಯಾದ ಕೊಂಬೆಗೇ ಕತ್ತಿ ಇಡುತ್ತಾನೆ.

ಬರುತ್ತೇನೆ ಎಂದ ದಿನ ಅವನು ಬಂದ ದಾಖಲೆ ಯಾವ ತೋಟದಲ್ಲೂ ಇಲ್ಲ. ಹಾಗಂತ ಬರುವುದಿಲ್ಲ ಎಂದು ಅವನ ಬಾಯಲ್ಲಿ ಬಂದದ್ದೂ ಇಲ್ಲ. ಮೃಗಶಿರಾ ಮಳೆ ಹಿಡಿಯುವುದರೊಳಗೆ ನೆರಳು ತೆಳ್ಳಗಾಗಬೇಕು ಎಂದು ಹೋಬಳಿಯ ಎಲ್ಲ ತೋಟದವರೂ ಒಂದೇ ತಿಂಗಳಲ್ಲಿ ಅವನ ಬೆನ್ನು ಹತ್ತುತ್ತಾರೆ. ಅದಕ್ಕೆ ಅವನು ಕಂಡುಕೊಂಡಿರುವ ಉಪಾಯ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವಂಥದ್ದೇ. ನಮ್ಮ ತೋಟದಲ್ಲಿ ಏಣಿ ಇಳಿಸಿ ಹೋಗುತ್ತಾನೆ. “ಏಣಿ ಇಲ್ಲೇ ಇದೆಯಲ್ಲ ಸಾರ್, ನಾನು ಎಲ್ಲಿಗೆ ಹೋಗ್ತೀನಿ?” ಪಕ್ಕದ ತೋಟದಲ್ಲಿ ಹಗ್ಗದ ಸುರುಳಿ, ಅದರಾಚೆಯದರಲ್ಲಿ ಆಯಿಲ್ ಕ್ಯಾನು. ಎಲ್ಲರಿಗೂ ತಮ್ಮದೇ ಮೊದಲ ಸರದಿ ಎಂಬ ಭರವಸೆ. ಕೊನೆಗೆ ಯಾವುದೋ ತೋಟದಲ್ಲಿ ಕೆಲಸ ಶುರುವಾಗುವ ಬೆಳಿಗ್ಗೆ, ಹರಡಿದ ಸಾಮಾನು ಒಟ್ಟು ಮಾಡುವುದರಲ್ಲೇ ಹತ್ತು ಗಂಟೆಯಾಗಿರುತ್ತದೆ. ಅಷ್ಟು ಹೊತ್ತಿಗೆ ಹುಡುಗರಿಗೆ ಕಾಫಿಯ ಹೊತ್ತು. ಮಳೆಗಾಲದಲ್ಲಿ ಫೋನ್ ಮಾಡಿದರೆ “ಹೆಬ್ಬಾಳೆ ಸೇತುವೆ ಮುಳುಗಿದೆ ಸಾರ್, ದಾಟಕ್ಕಾಗ್ತಿಲ್ಲ” ಎನ್ನುತ್ತಾನೆ. ಸೇತುವೆ ಮುಳುಗಿರುವುದು ನಿಜವೇ, ಭದ್ರೆ ಉಕ್ಕಿದಾಗಲೆಲ್ಲ ಅದು ಮುಳುಗುತ್ತದೆ. ಆದರೆ ಅದಿರುವುದು ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ. ಇವನ ಮನೆ ಇರುವುದು ಆಲ್ದೂರಿನಲ್ಲಿ, ನಮ್ಮ ತೋಟವೂ ಆಲ್ದೂರಿನ ಬಳಿಯೇ.

ಮಿಷನ್ನಿನ ವಿಷಯಕ್ಕೆ ಬಂದರೆ ಅವನು ಮಡಿವಂತ. ಕಾಫಿ ಸೀಮೆಯ ಮರಗಸಿಯವರಲ್ಲಿ ಎರಡು ಪಂಗಡ: ಸ್ಟಿಲ್‌ನವರು, ಹಸ್ಕ್ವರ್ನದವರು. ಒಂದು ಜರ್ಮನಿಯಲ್ಲಿ 1926ರಲ್ಲಿ ಶುರುವಾದ ಕಂಪನಿ. ಇನ್ನೊಂದು ಸ್ವೀಡನ್ನಿನದು, 1689ರಲ್ಲಿ ಅದು ಹುಟ್ಟಿದ್ದೇ ಕೋವಿ ಮಾಡುವ ಕಾರ್ಖಾನೆಯಾಗಿ. ಕೋವಿಯ ಕಥೆ ಹೇಳಿದಾಗ ಹಸ್ಕ್ವರ್ನ ಪಂಗಡದ ನಮ್ಮ ಮೇಸ್ತ್ರಿಗೆ ಆದ ಹಿಗ್ಗು ಹೇಳತೀರದು. ಮಾರನೆಯ ದಿನದಿಂದ ಅವನು ಮಿಷನ್ನನ್ನು ಹೆಗಲ ಮೇಲೆ ಹೊರುವ ಭಂಗಿಯೇ ಬದಲಾಗಿ, ಕಾಡುಹಂದಿಗೆ ಕಾಯಲು ಹೊರಟವನ ಹಾಗೆ ಕಾಣತೊಡಗಿದ.

ಕಂಪನಿಯ ಪುಸ್ತಕದ ಪ್ರಕಾರ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. ಅಳೆಯುವ ಬಾಟಲಿಯನ್ನೂ ಕಂಪನಿಯವರೇ ಕೊಟ್ಟಿದ್ದರು. ಅದರಲ್ಲಿ ಈಗ ಅವನ ಮನೆಯವರು ಜೇನುತುಪ್ಪ ಇಟ್ಟಿದ್ದಾರೆ. ಮೇಸ್ತ್ರಿ ಬೆರೆಸುವುದು ಕಣ್ಣಳತೆಯಲ್ಲಿ, ಬಿಸಿಲಿಗೆ ಹಿಡಿದು ಬಣ್ಣ ನೋಡಿ. ಮಿಷನ್ ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ಗು ಬಿಚ್ಚಿ ಪಂಚೆಗೆ ಒರೆಸುತ್ತಾನೆ, ಆಮೇಲೆ ಹುಡುಗನನ್ನು ಬೈಯುತ್ತಾನೆ, ಆಮೇಲೆ ಸರ್ಕಾರವನ್ನು. “ಈಗಿನ ಪೆಟ್ರೋಲಲ್ಲಿ ಕಬ್ಬಿನ ಸ್ಪಿರಿಟ್ ಸೇರಿಸ್ತಾರೆ ಸಾರ್. ಕುಡಿದವನ ಹಂಗೆ ಆಡ್ತದೆ ಮಿಷನ್ನು.” ಎಥೆನಾಲ್ ನೀರು ಹೀರುತ್ತದೆ, ವಾರಗಟ್ಟಲೆ ನಿಂತರೆ ಸಣ್ಣ ಎಂಜಿನ್ನಿನ ಕಾರ್ಬುರೇಟರ್ ಕೆಡುತ್ತದೆ ಎಂದು ತಿಳಿದವರೂ ಹೇಳುತ್ತಾರೆ. ಹಾಗಾಗಿ ಈ ಒಂದು ಬೈಗುಳವನ್ನು ನಾನು ತಳ್ಳಿಹಾಕಲಾರೆ.

ಅರ ಹಾಕುವ ಹೊತ್ತಿನಲ್ಲಿ ಮಾತ್ರ ಅವನ ಬಾಯಿ ಮುಚ್ಚಿರುತ್ತದೆ. ಚೈನನ್ನು ಬಾರಿನ ಮೇಲೆ ಬಿಗಿಮಾಡಿ, ದುಂಡು ಅರ ಹಿಡಿದು, ಒಂದೊಂದು ಹಲ್ಲಿಗೂ ಲೆಕ್ಕದಷ್ಟೇ ಉಜ್ಜು, ಒಂದೇ ಓರೆ. ಕೊಯ್ಯುವಾಗ ಚಕ್ಕೆ ಚಕ್ಕೆಯಾಗಿ ಹಾರಿದರೆ ಹಲ್ಲು ಹರಿತ, ಹಿಟ್ಟಿನ ಹಾಗೆ ಉದುರಿದರೆ ಮೊಂಡು. ದೂರದಲ್ಲಿ ಬೇರೆ ಯಾರದೋ ಮಿಷನ್ನಿನ ಸದ್ದು ಕೇಳಿಯೇ “ಆಹಾ, ಹಿಟ್ಟಿನ ಗಿರಣಿ ಇಟ್ಟಿದ್ದಾನೆ ನೋಡಿ” ಎಂದು ನಗುತ್ತಾನೆ.

ಈ ಚೈನಿನ ಹಲ್ಲಿಗೆ ಒಂದು ಕಥೆಯಿದೆ. ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಒಂದು ಮರದ ಮೋಟಿನಲ್ಲಿ ಕೊರಕ ಹುಳು ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಮರ ಕೆರೆಯುವುದನ್ನು ನೋಡುತ್ತ ಕೂತನಂತೆ. ಆ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ ಮರುವರ್ಷ ಚೈನ್ ಮಾರಲು ಕಂಪನಿ ಕಟ್ಟಿದ. ಇವತ್ತಿಗೂ ಚೈನ್ ಸಾ ಹಲ್ಲಿನ ಮೂಲ ಅದೇ. ಆ ಹುಳು ಉದ್ದ ಮೀಸೆಯ ದುಂಬಿಯ ಮರಿ; ನಮ್ಮ ಅರೇಬಿಕಾ ಗಿಡವನ್ನು ಒಳಗೊಳಗೇ ಕೊರೆದು ಕೊಲ್ಲುವ ಬಿಳಿ ಕಾಂಡಕೊರಕವೂ ಅದೇ ಕುಲದ್ದು. ಶತ್ರುವಿನ ದಾಯಾದಿಯ ಹಲ್ಲನ್ನೇ ಬಾಡಿಗೆಗೆ ತಂದು ತೋಟದೊಳಗೆ ಬಿಟ್ಟುಕೊಂಡಿದ್ದೇವೆ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಮೇಸ್ತ್ರಿ ಅರ ನಿಲ್ಲಿಸಿ ಯೋಚಿಸಿದ. “ಅಲ್ಲ ಸಾರ್, ಆ ಹುಳಕ್ಕೆ ಹಲ್ಲು ಮೊಂಡಾದ್ರೆ ಯಾರು ಅರ ಹಾಕ್ತಾರೆ?” ನನಗೆ ಗೊತ್ತಿರಲಿಲ್ಲ.

ಬೆಂಗಳೂರಿನ ಮಕ್ಕಳು ಅವನ ವೃತ್ತಿಗೆ ಬಂದ ಹೊಸ ಪೀಡೆ. ರಜೆಗೆ ಊರಿಗೆ ಬರುವಾಗ ಆನ್‌ಲೈನಿನಲ್ಲಿ ಏನಾದರೊಂದು ತರಿಸುತ್ತಾರೆ. ನಮ್ಮ ನೆರೆಯ ಗೌಡರ ಮಗ ಉದ್ದನೆಯ ಕೋಲಿನ ತುದಿಗೆ ಪುಟ್ಟ ಗರಗಸವಿರುವ ಬ್ಯಾಟರಿ ಮಿಷನ್ ತರಿಸಿದ್ದ. ನೆಲದ ಮೇಲೆ ನಿಂತೇ ಕೊಂಬೆ ಸವರಬಹುದು, ಸದ್ದಿಲ್ಲ, ಹೊಗೆಯಿಲ್ಲ. ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತೂಗಿ, ಗುಂಡಿ ಒತ್ತಿ, ಪಕ್ಕದ ಕರಿಬೇವಿನ ಕಡ್ಡಿಯೊಂದನ್ನು ಕತ್ತರಿಸಿ, ತುಂಬ ಗೌರವದಿಂದ ಹಿಂದಿರುಗಿಸಿದ. “ಚೆನ್ನಾಗಿದೆ ಅಣ್ಣ. ತುಳಸಿಕಟ್ಟೆಗೆ ಇಟ್ಕೊಳ್ಳಿ.”

ಅದೇ ಹುಡುಗ ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ ಇರುವ ಕಿತ್ತಳೆ ಬಣ್ಣದ ಹೆಲ್ಮೆಟ್ಟನ್ನೂ ತಂದುಕೊಟ್ಟಿದ್ದ. ಮೇಸ್ತ್ರಿ ಬೇಡವೆನ್ನಲಿಲ್ಲ. ಅದು ಪಿಕಪ್ಪಿನ ಸೀಟಿನ ಹಿಂದೆ, ಒಳಗೆ ನಿಂಬೆಹಣ್ಣು, ಬೀಡಿ ಕಟ್ಟು, ಎರಡು ಹಳೆಯ ಪ್ಲಗ್ಗು ತುಂಬಿಕೊಂಡು ಭದ್ರವಾಗಿದೆ.

ಇಷ್ಟು ಯಂತ್ರ ಸಾಮಗ್ರಿಯ ಮಾತಾಡುವವನು ದಿನದ ಮುಕ್ಕಾಲು ಕೆಲಸವನ್ನು ಕತ್ತಿ, ಹಗ್ಗ, ಬಿದಿರೇಣಿಗಳಲ್ಲೇ ಮುಗಿಸುತ್ತಾನೆ. ಕಾರಣ ಸರಳ. ನೆರಳಿನ ಸಿಲ್ವರ್ ಓಕಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಕಾಲಿಟ್ಟು ಹತ್ತಿದರೆ ಬಳ್ಳಿ ಕಳಚಿ ಬರುತ್ತದೆ. ಒಂದೇ ಬಿದಿರಿಗೆ ಗಣುಗಣುವಿನಲ್ಲೂ ಮೋಟು ಬಿಟ್ಟು ಮಾಡಿದ ಏಣಿಯಾದರೆ ಬಳ್ಳಿಯ ಸಂದಿನಲ್ಲಿ ತೂರುತ್ತದೆ. ಅಲ್ಯೂಮಿನಿಯಂ ಏಣಿ ಹಗುರ, ಎತ್ತಿ ಸಾಗಿಸುವುದು ಸಲೀಸು, ಪಿಕಪ್ಪಿನ ಮೇಲೆ ಹೊಳೆಯುತ್ತದೆ ಕೂಡ. ಆದರೆ ತೋಟದ ನಡುವೆ ಕರೆಂಟ್ ಲೈನ್ ಹಾದಿದ್ದರೆ ಅವನು ಅದನ್ನು ಗಾಡಿಯಿಂದ ಇಳಿಸುವುದಿಲ್ಲ. ಏಣಿ ತಂತಿಗೆ ತಗುಲಿ ಆಳು ಸತ್ತ ಸುದ್ದಿ ಮೆಣಸಿನ ಕೊಯ್ಲಿನಲ್ಲಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಲೈನ್‌ಮನ್ ಬಂದು ಕರೆಂಟ್ ತೆಗೆದಿದ್ದೇನೆ ಎಂದು ತನ್ನ ಬಾಯಲ್ಲೇ ಹೇಳುವವರೆಗೆ ಹುಡುಗರಿಗೆ ಮರ ಮುಟ್ಟಲು ಬಿಡುವುದಿಲ್ಲ. ಫೋನಿನಲ್ಲಿ ಹೇಳಿದರೆ ಸಾಲದು. ತನ್ನ ಮಾತಿನ ಬೆಲೆ ಬಲ್ಲವನು, ಬೇರೆಯವರ ಫೋನ್ ಮಾತನ್ನು ಹೇಗೆ ನಂಬಿಯಾನು?

ಕೊಂಬೆ ಇಳಿಸುವುದರಲ್ಲಿ ಅವನ ಕೈ ನೋಡಬೇಕು. ಮೊದಲು ಅಡಿಯಿಂದ ಒಂದು ಕಚ್ಚು, ಆಮೇಲೆ ಮೇಲಿನಿಂದ ಕೊಯ್ತ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಮರದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಬರುತ್ತದೆ. ದಪ್ಪ ಕೊಂಬೆಗೆ ಹಗ್ಗ ಕಟ್ಟಿ, ಮೇಲಿನ ಕವಲಿಗೆ ಹಾಯಿಸಿ, ಕೆಳಗೆ ಇನ್ನೊಂದು ಮರಕ್ಕೆ ಸುತ್ತು ಹಾಕಿ, ಕಾಫಿ ಸಾಲಿನ ನಡುವಿನ ಜಾಗಕ್ಕೆ ಇಳಿಬಿಡುತ್ತಾರೆ. ಆದರೂ ಒಂದೆರಡು ಗಿಡ ಮುರಿಯುತ್ತವೆ. “ಅದು ಹೆಂಗೂ ಕಾಂಡಕೊರಕ ಬಿದ್ದಿದ್ದ ಗಿಡ ಸಾರ್.” ಅವನ ಲೆಕ್ಕದಲ್ಲಿ ಕೊಂಬೆ ಯಾವತ್ತೂ ಆರೋಗ್ಯವಂತ ಗಿಡದ ಮೇಲೆ ಬೀಳುವುದಿಲ್ಲ.

ಅವನ ಯಾವ ಸಲಕರಣೆಗೂ ಬಗ್ಗದ ಒಂದೇ ಪ್ರಾಣಿ ಚಗಳಿ. ಎಲೆ ಹೊಲಿದು ಗೂಡು ಕಟ್ಟಿದ ಕೆಂಪಿರುವೆ ಮರದಲ್ಲಿದ್ದರೆ ಜರ್ಮನಿಯ ಮಿಷನ್ನೂ ಸ್ವೀಡನ್ನಿನ ಮಿಷನ್ನೂ ಬುಡದಲ್ಲೇ ಕೂರಬೇಕು. ಹತ್ತಿದ ಹುಡುಗ ಹತ್ತಿದ್ದಕ್ಕಿಂತ ಬೇಗ ಇಳಿದು, ಅಂಗಿ ಬಿಚ್ಚಿ, ಅಸ್ಸಾಮೀ ಭಾಷೆಯಲ್ಲಿ ನಮಗೆ ಅರ್ಥವಾಗದ, ಆದರೆ ಅನುವಾದವೂ ಬೇಕಿಲ್ಲದ ಮಾತಾಡುತ್ತಾನೆ. ಮೇಸ್ತ್ರಿ ಮಾತ್ರ ಗೂಡನ್ನು ಕೋಲಿನಿಂದ ಹುಷಾರಾಗಿ ಚೀಲಕ್ಕೆ ಇಳಿಸಿಕೊಳ್ಳುತ್ತಾನೆ. ಚಗಳಿ ಚಟ್ನಿಗೆ ಮಲೆನಾಡಿನಲ್ಲಿ ಬೇಡ ಎನ್ನುವವರು ಕಡಿಮೆ.

ನೆರಳು ಎಷ್ಟು ತೆಗೆಯಬೇಕು ಎಂಬುದು ಪ್ರತಿ ತೋಟದ ಮನೆಯ ವಾರ್ಷಿಕ ಜಗಳ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಎಲೆ ಒಣಗದೆ ಕೊಳೆರೋಗ. ತೆಳುವಾದರೆ ಬಿಸಿಲಿಗೆ ಕಾಂಡ ಕಾದು, ಕೊರಕದ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡಲು ಹಬ್ಬ. ಕೊರಕ ಬಿದ್ದ ಗಿಡವನ್ನು ಕಿತ್ತು ಸುಡುವುದೇ ದಾರಿ. ದೊಡ್ಡ ಗೌಡರಿಗೆ ಒಂದು ಕೊಂಬೆಯೂ ಹೋಗಬಾರದು, ಹಲಸಂತೂ ಅವರ ತಂದೆ ನೆಟ್ಟದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕಾರ್ಯಾಗಾರಕ್ಕೆ ಹೋಗಿಬಂದ ಮಗನಿಗೆ ಬೆಳಕು ಬೇಕು. ಅಮ್ಮಾವರಿಗೆ ಎರಡೂ ಮುಖ್ಯವಲ್ಲ, ಆಂಥೂರಿಯಂ ಕುಂಡಗಳ ಮೇಲೆ ಏನೂ ಬೀಳಬಾರದು. ಮೂವರೂ ಒಟ್ಟಿಗೆ ಮರದಡಿ ನಿಂತು ಮೂರು ದಿಕ್ಕಿಗೆ ಬೆರಳು ತೋರಿಸುತ್ತಾರೆ. ಮೇಸ್ತ್ರಿ ಮೂವರಿಗೂ ಒಂದೇ ರಾಗದಲ್ಲಿ “ಆಗ್ಲಿ” ಎನ್ನುತ್ತಾನೆ.

ಆಮೇಲೆ ಅವರು ಊಟಕ್ಕೆ ಹೋದಾಗ, ನಡು ಮಧ್ಯಾಹ್ನ, ಮರವನ್ನು ಬಿಟ್ಟು ನೆಲವನ್ನು ನೋಡುತ್ತ ತೋಟ ಸುತ್ತುತ್ತಾನೆ. ಗಿಡದ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿದ್ದರೆ ಮುಂದೆ ಹೋಗುತ್ತಾನೆ. ಕತ್ತಲಿದ್ದ ಕಡೆ ತಲೆಯೆತ್ತಿ, ಯಾವ ಕೊಂಬೆ ಎಂದು ಹುಡುಕಿ, ಹುಡುಗನಿಗೆ ‘ಉಧರ್’ ಎನ್ನುತ್ತಾನೆ. ಪಡುವಣಕ್ಕೂ ತೆಂಕಣಕ್ಕೂ ಮುಖ ಮಾಡಿದ ಇಳಿಜಾರಿನಲ್ಲಿ ಕೈ ಬಿಗಿಹಿಡಿಯುತ್ತಾನೆ, ಅಲ್ಲಿ ಬಿಸಿಲು ಹೆಚ್ಚು ಸುಡುತ್ತದೆ. ಬಾಳೆಹೊನ್ನೂರಿನವರು ಹೇಳುವುದೂ ಇದನ್ನೇ ಎಂದರೆ ಅವನಿಗೆ ಆಶ್ಚರ್ಯವಿಲ್ಲ. ಆ ಕೇಂದ್ರ ಶುರುವಾದದ್ದು 1925ರಲ್ಲಿ. ಅವನ ಅಜ್ಜ ಅದಕ್ಕೂ ಮುಂಚಿನಿಂದ ಮರಗಸಿ ಮಾಡುತ್ತಿದ್ದನಂತೆ. “ಅವರೇ ನಮ್ಮಜ್ಜನ ಕೇಳಿ ಬರ್ಕೊಂಡಿರ್ಬೇಕು.” ಸಂಜೆಗೆ ಮನೆಯ ಮೂವರೂ ತಮ್ಮ ಮಾತೇ ನಡೆಯಿತೆಂದು ಸಮಾಧಾನಪಡುತ್ತಾರೆ. ಯಾರ ಮಾತೂ ನಡೆದಿರುವುದಿಲ್ಲ.

ಕಾನೂನೂ ಅವನಿಗೆ ಬೇಕಾದಷ್ಟು ಗೊತ್ತು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಿದೆ. ಸಿಲ್ವರ್ ಓಕ್, ಹಾಲುವಾಣ ಅದರಲ್ಲಿವೆ. ಬೀಟೆ ಇಲ್ಲ. ಬೀಟೆಯ ಹೆಸರೆತ್ತಿದರೆ ಸಾಕು, ಅಷ್ಟು ಹೊತ್ತು ಮಾತಾಡುತ್ತಿದ್ದವನಿಗೆ ಕಿವಿ ಮಂದವಾಗುತ್ತದೆ, ಪಿಕಪ್ಪಿನ ಟಯರು ನೋಡಬೇಕಾಗುತ್ತದೆ.

ಬಿಲ್ಲು ಬಾಯಲ್ಲೇ. ಆಳಿಗಿಷ್ಟು, ಮಿಷನ್ನಿಗಿಷ್ಟು, ಪೆಟ್ರೋಲ್ ನಿಮ್ಮದು, ಮಧ್ಯಾಹ್ನದ ಊಟ ನಿಮ್ಮ ಧರ್ಮ. ದುಬಾರಿಯಾಯಿತು ಮಾರಾಯ ಎಂದರೆ ಕಾಫಿಯ ರೇಟು ಕೇಳುತ್ತಾನೆ, ಅದನ್ನು ನಮಗಿಂತ ಮೊದಲೇ ಮೊಬೈಲಿನಲ್ಲಿ ನೋಡಿರುತ್ತಾನೆ.

ಜೂನ್ ದಾಟಿ ಗಾಳಿಮಳೆ ಹಿಡಿಯಿತೆಂದರೆ ಅವನ ಎರಡನೆಯ ಸೀಸನ್. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಂದು ಬೆಳಿಗ್ಗೆ ಭಾರೀ ಬಸರಿ ಮರವೊಂದು ರಸ್ತೆಗೆ ಅಡ್ಡ ಬಿದ್ದು, ಮೆಸ್ಕಾಂ ತಂತಿಯನ್ನೂ ಜೊತೆಗೆ ಎಳೆದುಕೊಂಡು ಮಲಗಿತ್ತು. ಆಚೆ ಹೊರನಾಡಿಗೆ ಹೊರಟ ಬಸ್ಸು, ಈಚೆ ಹಾಲಿನ ಗಾಡಿ, ಬೆಂಗಳೂರಿನ ಜೀಪುಗಳು. ಯಾರು ಯಾರೋ ಫೋನ್ ಮಾಡಿದರು. ಹೇಳಿದ ಹೊತ್ತಿಗೆ ಅವನು ಬಂದದ್ದನ್ನು ನಾನು ನೋಡಿದ್ದು ಅವತ್ತೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಿದ್ದವನು ಕೈ ತೊಳೆದು ನೇರ ಬಂದಿದ್ದನಂತೆ. ಲೈನ್‌ಮನ್ ಹತ್ತಿರ ಮಾತಾಡಿ, ಮರದ ಭಾರ ಯಾವ ಕಡೆಗಿದೆ ಎಂದು ಸುತ್ತು ಹಾಕಿ ನೋಡಿ, ಗೊಬ್ಬರದ ಚೀಲ ತಲೆಗೆ ಕೊಪ್ಪೆ ಮಾಡಿಕೊಂಡು, ಸುರಿಯುವ ಮಳೆಯಲ್ಲಿ ಮಿಷನ್ ಹಿಡಿದ. ಚಕ್ಕೆ ರಪರಪನೆ ಹಾರಿತು. ಅರ್ಧ ಗಂಟೆಯೊಳಗೆ ಬಸ್ಸು ಹೋಗುವಷ್ಟು ದಾರಿಯಾಯಿತು.

ಆಗ ಜೀಪಿನ ಹುಡುಗಿಯೊಬ್ಬಳು ಕೊಡೆ ಹಿಡಿದು ಬಂದು, “ಅಂಕಲ್, ಸೂಪರ್! ವಿಡಿಯೋ ಸರಿಯಾಗಿ ಬರ್ಲಿಲ್ಲ” ಎಂದಳು.

ಮೇಸ್ತ್ರಿ ಕೊಪ್ಪೆ ತೆಗೆದು ಲೈನ್‌ಮನ್ ಕೈಗೆ ಕೊಟ್ಟ. ಪಿಕಪ್ಪಿನ ಹತ್ತಿರ ಹೋಗಿ, ಹೆಲ್ಮೆಟ್ಟಿನೊಳಗಿನ ನಿಂಬೆಹಣ್ಣು, ಬೀಡಿ, ಪ್ಲಗ್ಗುಗಳನ್ನು ಸೀಟಿನ ಮೇಲೆ ಸುರಿದು, ಅದನ್ನು ತಲೆಗೇರಿಸಿ, ಜಾಲರಿ ಇಳಿಸಿ, ರಸ್ತೆಯ ಪಕ್ಕಕ್ಕೆ ಉರುಳಿಸಿದ್ದ ದಿಮ್ಮಿಯನ್ನು ಹುಡುಗರ ಕೈಯಲ್ಲಿ ಮತ್ತೆ ರಸ್ತೆಯ ನಡುವಿಗೆ ತರಿಸಿದ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದ: “ಎಂತದು ಮಾರಾಯ, ದಾರಿ ಆಗಿತ್ತಲ್ಲ!”

“ಐದು ನಿಮಿಷ,” ಎಂದ ಮೇಸ್ತ್ರಿ.