ದೂರದ ಬಡವ ನುಣ್ಣಗೆ

ಬಡವರ ಮೇಲೆ ಕರುಣೆ ಹುಟ್ಟಬೇಕಾದರೆ ಬಡವ ಕನಿಷ್ಠ ನಾಲ್ಕು ಸಾವಿರ ಮೈಲಿ ಆಚೆಗಿರಬೇಕು. ಹತ್ತಿರದವನು ಸೋಮಾರಿ. ಕುಡುಕ. ಮುಂಗಡ ಇಸಕೊಂಡು ಊರಿಗೆ ಹೋದವನು ತಿರುಗಿ ಬಾರದ ಕಳ್ಳ. ದೂರದವನು ಮಾತ್ರ ಮನುಷ್ಯ.

ಇದೇನೂ ನನ್ನ ಸಂಶೋಧನೆಯಲ್ಲ. ಇಂಗ್ಲೆಂಡಿನ ಗಿರಣಿ ಮಾಲೀಕರು ಇನ್ನೂರು ವರ್ಷಗಳ ಹಿಂದೆಯೇ ಕರಗತ ಮಾಡಿಕೊಂಡಿದ್ದ ವಿದ್ಯೆ.

1830. ಲೀಡ್ಸ್ ನಗರದಲ್ಲಿ ಗುಲಾಮಗಿರಿ ವಿರೋಧಿ ಸಭೆ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ನರಳುವ ಕರಿಯರಿಗಾಗಿ ಗಣ್ಯರು ಭಾಷಣ ಮಾಡಿದರು. ಮರುಗಿದರು. ಚಪ್ಪಾಳೆ ಬಿತ್ತು. ಆಗ ರಿಚರ್ಡ್ ಆಸ್ಟ್ಲರ್ ಎಂಬ ಜಮೀನಿನ ಮೇಲ್ವಿಚಾರಕ ಅಲ್ಲಿನ ಪತ್ರಿಕೆಗೆ ಒಂದು ಕಾಗದ ಬರೆದ. ಕಾಗದದ ತಲೆಬರಹ 'ಯಾರ್ಕ್‌ಶೈರಿನ ಗುಲಾಮಗಿರಿ'. ಆತ ಕೇಳಿದ್ದಿಷ್ಟೇ: ಇಲ್ಲೇ ಪಕ್ಕದ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗಳಲ್ಲಿ ಏಳು ವರ್ಷದ ಮಕ್ಕಳು ಬೆಳಗಿನ ಆರರಿಂದ ಸಂಜೆ ಏಳರವರೆಗೆ ನಿಂತು ದುಡಿಯುತ್ತಾರಲ್ಲ, ಅವು ಯಾರ ಮಕ್ಕಳು?

ಗಿರಣಿ ಮಾಲೀಕರಿಗೆ ಸಿಟ್ಟು ಬಂತು. ಆಸ್ಟ್ಲರ್ ಮೇಲೆ.

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿತು. ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟಿತು. ಯಾರಿಗೆ? ಗುಲಾಮರನ್ನು ಕಳೆದುಕೊಂಡು 'ನಷ್ಟ'ಕ್ಕೀಡಾದ ಒಡೆಯರಿಗೆ. ಗುಲಾಮನಿಗೆ ಬಿಡಿಗಾಸಿಲ್ಲ. ಮೇಲಾಗಿ 'ತರಬೇತಿ'ಯ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯನ ತೋಟದಲ್ಲಿ ಬಿಟ್ಟಿ ದುಡಿತ. ಆ ಪರಿಹಾರಕ್ಕೆಂದು ಎತ್ತಿದ ಸಾಲವನ್ನು ಬ್ರಿಟನ್ ಪೂರ್ತಿ ತೀರಿಸಿದ್ದು 2015ರಲ್ಲಿ. ಅಲ್ಲಿಯತನಕ ತೆರಿಗೆ ಕಟ್ಟಿದವರಲ್ಲಿ ಆ ಗುಲಾಮರ ಮೊಮ್ಮಕ್ಕಳ ಮೊಮ್ಮಕ್ಕಳೂ ಇದ್ದರು. ಅದನ್ನು ಓದಿದ ದಿನ ನಾನು ನಗುವುದೋ ಅಳುವುದೋ ತಿಳಿಯದೆ ಪುಸ್ತಕ ಮುಚ್ಚಿಟ್ಟೆ.

ಅದೇ 1833ರಲ್ಲಿ ಕಾರ್ಖಾನೆ ಕಾಯ್ದೆಯೂ ಬಂತು. ಒಂಬತ್ತು ತುಂಬದ ಮಕ್ಕಳನ್ನು ಗಿರಣಿಗೆ ಸೇರಿಸುವಂತಿಲ್ಲ. ಭೇಷ್. ಆದರೆ ರೇಷ್ಮೆ ಗಿರಣಿಗೆ ವಿನಾಯಿತಿ. ರೇಷ್ಮೆಗೆ ಎಳೆ ಬೆರಳೇ ಬೇಕಂತೆ. ಕಾಯ್ದೆ ಜಾರಿ ಮಾಡಲು ಇನ್‌ಸ್ಪೆಕ್ಟರುಗಳು ಎಷ್ಟು ಜನ? ದೇಶಕ್ಕೆಲ್ಲ ನಾಲ್ವರು.

ಇನ್ನೂ ಒಂದು ತಮಾಷೆ. ಮಗುವಿಗೆ ಒಂಬತ್ತಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ಡಾಕ್ಟರ ಕಣ್ಣಳತೆಯೇ ಪ್ರಮಾಣಪತ್ರ. ಎತ್ತರ ನೋಡು. ಮೈಕಟ್ಟು ನೋಡು. ಅಪ್ಪ-ಅಮ್ಮ ಸುಳ್ಳು ಹೇಳುತ್ತಾರೆ, ಮಾಲೀಕ ಸುಳ್ಳು ಹೇಳುತ್ತಾನೆ. ಹಾಗಾಗಿ ಲಂಡನ್ನಿನ ದಂತವೈದ್ಯರೊಬ್ಬರು ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ ಎಂದು ಪುಸ್ತಕವನ್ನೇ ಬರೆದರು. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವುದನ್ನು ನೀವು ನೋಡಿದ್ದರೆ ಈ ಸುಧಾರಣೆಯ ಪರಿಚಯ ನಿಮಗಾಗಲೇ ಇದೆ.

1842ರಲ್ಲಿ ಕಲ್ಲಿದ್ದಲ ಗಣಿಗಳ ವರದಿ ಬಂತು. ಚಿತ್ರ ಸಮೇತ. ಸೊಂಟಕ್ಕೆ ಸರಪಳಿ ಬಿಗಿದುಕೊಂಡು, ಮಂಡಿಯೂರಿ ಕಲ್ಲಿದ್ದಲ ಗಾಡಿ ಎಳೆಯುವ ಹೆಣ್ಣುಮಕ್ಕಳು. ಕತ್ತಲಲ್ಲಿ ದಿನವಿಡೀ ಒಂಟಿಯಾಗಿ ಕೂತು, ಗಾಡಿ ಬಂದಾಗಲೆಲ್ಲ ಬಾಗಿಲು ತೆರೆಯುವ ಪುಟ್ಟ ಹುಡುಗರು. ಸಭ್ಯ ಸಮಾಜ ಬೆಚ್ಚಿಬಿತ್ತು. ಬೆಚ್ಚಿದ್ದು ಸರಪಳಿ ಕಂಡೇ ಎಂದುಕೊಂಡಿರಾ? ಸೆಖೆ ತಾಳದೆ ಹೆಂಗಸರು ಅರೆಬರೆ ಬಟ್ಟೆಯಲ್ಲಿ ಗಂಡಸರ ಜೊತೆ ದುಡಿಯುತ್ತಿದ್ದರಂತೆ. ದೊಡ್ಡವರ ಎದೆಗೆ ನಾಟಿದ್ದು ಅದು. ಹೆಂಗಸರನ್ನು ಗಣಿಯಿಂದ ಹೊರಹಾಕಲು ತಡವಾಗಲಿಲ್ಲ. ಹೊರಬಂದವಳು ನಾಳೆ ಏನು ತಿನ್ನುತ್ತಾಳೆ ಎಂಬ ಕಲಂ ಕಾಯ್ದೆಯಲ್ಲಿರಲಿಲ್ಲ. ಮಾನ ಉಳಿಯಿತಲ್ಲ, ಸಾಕು.

ಈಗ ಪ್ರೊಫೆಸರರ ಸರದಿ. ನಸ್ಸೌ ಸೀನಿಯರ್, ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞ. 1837ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಗಿರಣಿಯ ನಿವ್ವಳ ಲಾಭವೆಲ್ಲ ಹುಟ್ಟುವುದು ದಿನದ ಕೊನೆಯ ಗಂಟೆಯಲ್ಲಿ. ಒಂದು ಗಂಟೆ ಕಡಿಮೆ ಮಾಡಿದಿರೋ, ಲಾಭ ಸೊನ್ನೆ. ಮಿಕ್ಕ ಹತ್ತೂವರೆ ಗಂಟೆ ಮಗು ಪುಕ್ಕಟೆ ವ್ಯಾಯಾಮ ಮಾಡುತ್ತಿತ್ತೆಂದು ಕಾಣುತ್ತದೆ.

1834ರ ಬಡವರ ಕಾಯ್ದೆಯ ಹಿಂದಿನ ವರದಿ ಬರೆದವರಲ್ಲೂ ಇದೇ ಮಹಾಶಯರಿದ್ದರು. ಸರಕಾರದ ಅನ್ನ ತಿನ್ನುವ ಬಡವನ ಸ್ಥಿತಿ ಹೊರಗೆ ದುಡಿಯುವ ಅತಿ ಬಡ ಕೂಲಿಯ ಸ್ಥಿತಿಗಿಂತ ಕೀಳಾಗಿರಬೇಕು ಎಂಬುದು ಆ ವರದಿಯ ತತ್ವ. ಇಂಥ ಬಡವರನ್ನಿಡುತ್ತಿದ್ದ, ಆಂಡೋವರ್ ಎಂಬ ಊರಿನ ದುಡಿಮೆಮನೆಯಲ್ಲಿ ಈ ತತ್ವ ಚಾಚೂ ತಪ್ಪದೆ ಜಾರಿಯಾಯಿತು. ಗೊಬ್ಬರಕ್ಕೆಂದು ಮೂಳೆ ಕುಟ್ಟಲು ಕೂರಿಸಿದ್ದ ಬಡವರು ಹಸಿವು ತಾಳದೆ ಆ ಕೊಳೆತ ಮೂಳೆಗಳ ಮಜ್ಜೆಯನ್ನೇ ನೆಕ್ಕಿದರು. 1845ರಲ್ಲಿ ವಿಷಯ ಬಯಲಾಯಿತು. ವಿಚಾರಣೆ ನಡೆಯಿತು. 1847ರಲ್ಲಿ ಕಾಯ್ದೆಯ ಉಸ್ತುವಾರಿ ಹೊತ್ತಿದ್ದ ಬಡವರ ಆಯೋಗವನ್ನು ಮುಚ್ಚಿದರು. ಅದರ ಜಾಗದಲ್ಲಿ ಬಡವರ ಮಂಡಳಿ ತೆರೆದರು. ಬೋರ್ಡು ಬದಲಾಯಿತು.

ಹತ್ತು ಗಂಟೆ ಕೆಲಸದ ಮಸೂದೆಯ ಕತೆ ಇದೆಲ್ಲಕ್ಕಿಂತ ಸ್ವಾರಸ್ಯ. ಅದನ್ನು ಹೊತ್ತು ತಿರುಗಿದವರು ಲಾರ್ಡ್ ಆಶ್ಲಿ. ಮುಂದೆ ಶಾಫ್ಟ್ಸ್‌ಬರಿ ಎಂದು ಹೆಸರಾದವರು. ಪ್ರಾಮಾಣಿಕ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಡಾರ್ಸೆಟ್‌ನ ಅವರಪ್ಪನ ಜಮೀನಿನಲ್ಲಿ ಕೂಲಿಗಳ ಗುಡಿಸಲುಗಳು ನಾಚಿಕೆಗೇಡಾಗಿದ್ದವು. ಮಸೂದೆಯನ್ನು ವಿರೋಧಿಸಿದವರು ಜಾನ್ ಬ್ರೈಟ್. ರಾಚ್‌ಡೇಲಿನ ಹತ್ತಿ ಗಿರಣಿ ಮನೆತನ. ಬಡವನಿಗೆ ಅಗ್ಗದ ರೊಟ್ಟಿ ಸಿಗಲೆಂದು ಧಾನ್ಯದ ಸುಂಕದ ವಿರುದ್ಧ ದೇಶವೆಲ್ಲ ಸುತ್ತಿ ಗಂಟಲು ಹರಿದುಕೊಂಡವರು. ಅವರು ಸಂಸತ್ತಿನಲ್ಲಿ ಎದ್ದು ಆಶ್ಲಿಯವರನ್ನು ಕುಟುಕಿದರು: ಮೊದಲು ನಿಮ್ಮ ಡಾರ್ಸೆಟ್ ನೋಡಿಕೊಳ್ಳಿ.

ಇಬ್ಬರೂ ಹೇಳಿದ್ದು ನಿಜವೇ. ಜಮೀನುದಾರನಿಗೆ ಗಿರಣಿಯ ಮಗುವಿನ ಮೇಲೆ ಕನಿಕರ. ಗಿರಣಿಯವನಿಗೆ ಹೊಲದ ಕೂಲಿಯ ಮೇಲೆ ಕನಿಕರ. ಅವರವರ ಹಿತ್ತಲು ಅವರವರಿಗೆ ಕಾಣದು.

ಕೊನೆಗೆ 1847ರಲ್ಲಿ ಮಸೂದೆ ಪಾಸಾಯಿತು. ಕಾರ್ಮಿಕರ ಸಮಿತಿಗಳು ವರ್ಷಗಟ್ಟಲೆ ಸಭೆ, ಮೆರವಣಿಗೆ, ಅರ್ಜಿ ಎಂದು ಸವೆದಿದ್ದವು. ಅದು ಒಂದು ಕಾರಣ. ಹಿಂದಿನ ವರ್ಷ ಧಾನ್ಯದ ಸುಂಕ ತೆಗೆಸಿದ್ದ ಗಿರಣಿಯವರ ಮೇಲೆ ಜಮೀನುದಾರರು ಸೇಡು ತೀರಿಸಿಕೊಳ್ಳಲು ಕಾದಿದ್ದರು. ಅದು ಇನ್ನೊಂದು ಕಾರಣ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ದಿನಕ್ಕೆ ಒಂದೆರಡು ಗಂಟೆ ಉಸಿರು ಸಿಕ್ಕಿತು. ಲಾಭ ಸೊನ್ನೆಯಾಯಿತೇ? ನಾಲ್ಕೇ ವರ್ಷದಲ್ಲಿ ಲಂಡನ್ನಿನಲ್ಲಿ ಗಾಜಿನ ಅರಮನೆ ಕಟ್ಟಿ ಜಗತ್ತಿಗೆಲ್ಲ ತಮ್ಮ ಸರಕು ತೋರಿಸಿದರು. ಪ್ರೊಫೆಸರರು ಲೆಕ್ಕ ತಪ್ಪಾಯಿತೆಂದು ಕ್ಷಮೆ ಕೇಳಿದ ದಾಖಲೆ ನನಗೆ ಸಿಕ್ಕಿಲ್ಲ.

ಮುಂದಿನದು ನಮ್ಮ ಕತೆ. 1870ರ ದಶಕದಲ್ಲಿ ಬೊಂಬಾಯಿಯ ಹತ್ತಿ ಗಿರಣಿಗಳು ಚಿಗುರಿಕೊಂಡವು. ತಕ್ಷಣ ಮ್ಯಾಂಚೆಸ್ಟರಿನ ಎದೆ ಒದ್ದೆಯಾಯಿತು. ಅಯ್ಯೋ, ಬೊಂಬಾಯಿಯ ಮಕ್ಕಳು! ಎಷ್ಟು ಹೊತ್ತು ದುಡಿಸುತ್ತಾರೆ! ಕಾಯ್ದೆ ಬೇಡವೇ? ತಮ್ಮೂರಿನ ಮಗುವಿಗೆ ಹತ್ತು ಗಂಟೆಯ ಮಿತಿ ಬೇಡವೆಂದು ಮೂವತ್ತು ವರ್ಷದ ಹಿಂದೆ ಬೊಬ್ಬೆ ಹೊಡೆದಿದ್ದ ಅದೇ ಊರು. ಆ ಕಣ್ಣೀರಿನಲ್ಲಿ ಅಗ್ಗದ ಭಾರತೀಯ ನೂಲಿನ ವಾಸನೆ ಹೊಡೆಯುತ್ತಿತ್ತು.

ಹಾಗಾದರೆ ನಮ್ಮ ದೇಶಭಕ್ತರು ಏನು ಮಾಡಿದರು? ಇದು ಪರದೇಶಿಯ ಪಿತೂರಿ ಎಂದರು. ಸರಿ, ಪಿತೂರಿಯೇ. ಆದರೆ ಮಗುವೂ ನಿಜವಾಗಿತ್ತಲ್ಲ? 1875ರ ಬೊಂಬಾಯಿ ಕಾರ್ಖಾನೆ ಆಯೋಗದ ಬಹುಮತ ಕಾಯ್ದೆಯೇ ಬೇಡವೆಂದಿತು. ಅದೇ ವರ್ಷ ಕಲ್ಕತ್ತೆಯ 'ಅಮೃತ ಬಜಾರ್ ಪತ್ರಿಕೆ' ಬರೆದದ್ದರ ತಾತ್ಪರ್ಯ: ಹೊಸ ಉದ್ಯಮ ಮುಳುಗುವುದಕ್ಕಿಂತ ಕಾರ್ಮಿಕರು ಒಂದಿಷ್ಟು ಹೆಚ್ಚು ಸತ್ತರೂ ವಾಸಿ. ಯಾರು ಸಾಯಬೇಕೆಂಬುದನ್ನು ಸಾಯದವರು ತೀರ್ಮಾನಿಸಿಬಿಟ್ಟರು.

1881ರಲ್ಲಿ ಕಾಯ್ದೆ ಬಂತು. ಏಳು ತುಂಬದ ಮಕ್ಕಳು ಬೇಡ. ಏಳರಿಂದ ಹನ್ನೆರಡರವರಿಗೆ ಒಂಬತ್ತು ಗಂಟೆ. ದೊಡ್ಡವರಿಗೆ ಮಿತಿಯೇ ಇಲ್ಲ. ಜೊತೆಗೊಂದು ಚಿಕ್ಕ ವಿನಾಯಿತಿ: ನೀಲಿ ಬಣ್ಣ ತೆಗೆಯುವ ಕಾರ್ಖಾನೆ, ಟೀ ಮತ್ತು ಕಾಫಿ ತೋಟದೊಳಗಿನ ಕಾರ್ಖಾನೆಗಳಿಗೆ ಇದು ಅನ್ವಯಿಸದು. ಈ ತೋಟಗಳು ಹೆಚ್ಚಾಗಿ ಯಾರ ಕೈಯಲ್ಲಿದ್ದವು ಎಂದು ಕೊಡಗಿನವರನ್ನು ಕೇಳಿ. ಬಿಳಿ ಪ್ಲಾಂಟರುಗಳಿಗೆ 1859ರ ಬೇರೆಯದೇ ಕಾಯ್ದೆಯಿತ್ತು. ಮುಂಗಡ ತೆಗೆದುಕೊಂಡ ಕೂಲಿ ಕೆಲಸ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು. ಮ್ಯಾಂಚೆಸ್ಟರಿನ ಕರುಣೆಯ ರೈಲು ಬೊಂಬಾಯಿಯಲ್ಲೇ ನಿಂತಿತು. ಘಟ್ಟ ಹತ್ತಲಿಲ್ಲ.

ಕಾರ್ಮಿಕರ ಪರವಾಗಿ ಸೊಲ್ಲೆತ್ತಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸಂಗಾತಿ. 1884ರಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ಅರ್ಜಿ ಬರೆಸಿದರು. ಬೇಡಿಕೆ ಬಹಳ ದೊಡ್ಡದು: ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ.

ಆಮೇಲೆ ಗಂಟೆಗಳು ಇಳಿಯುತ್ತ ಬಂದವು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12. 1922ರಲ್ಲಿ 11. 1934ರಲ್ಲಿ 10. ವೈಸರಾಯ್ ಮಂಡಳಿಯಲ್ಲಿ ಅಂಬೇಡ್ಕರ್ ಕಾರ್ಮಿಕ ಖಾತೆ ಹಿಡಿದಿದ್ದ ಕಾಲದ ಓಡಾಟದಿಂದ ವಾರಕ್ಕೆ 48 ಗಂಟೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9.

2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದನ್ನು ತಿದ್ದಿ ಎಷ್ಟು ಮಾಡಿತು ಗೊತ್ತೆ? 12. ನೂರಹನ್ನೆರಡು ವರ್ಷದ ಏಣಿ ಒಂದೇ ಗುಕ್ಕಿಗೆ ಇಳಿದೆವು. ಇದರ ಹೆಸರು ಪ್ರಗತಿ.

ವಾರಕ್ಕೆ 48 ಹಾಗೇ ಇದೆಯಲ್ಲ ಎನ್ನುತ್ತಾರೆ. ನಾಲ್ಕು ದಿನ ದುಡಿ, ಮೂರು ದಿನ ಆರಾಮವಾಗಿರು. ಕೇಳಲು ಚೆಂದ. ಹಾಗಿದ್ದರೆ ಅದೇ ತಿದ್ದುಪಡಿಯಲ್ಲಿ ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿದ್ದೇಕೆ? ವಾರದಲ್ಲಿ ಮೂರು ದಿನ ಮನೆಗೆ ಕಳಿಸುವವರಿಗೆ ಹೆಚ್ಚುಕಡಿಮೆ ಎರಡರಷ್ಟು ಓಟಿ ಯಾವ ದಿನಕ್ಕೆ ಬೇಕು? ಕಾರ್ಮಿಕನ ಲಿಖಿತ ಒಪ್ಪಿಗೆ ಇರಬೇಕಂತೆ. ಖಂಡಿತ ಇರುತ್ತದೆ. ಕೆಲಸಕ್ಕೆ ಸೇರುವ ದಿನ ಹತ್ತು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಅದು ಹನ್ನೊಂದನೆಯದು.

ಆ ತಿದ್ದುಪಡಿ ತಂದ ಸರಕಾರ ಅದೇ ವರ್ಷದ ಮೇ ತಿಂಗಳಲ್ಲಿ ಮನೆಗೆ ಹೋಯಿತು. ತಿದ್ದುಪಡಿ ಹೋಗಲಿಲ್ಲ. ಕುರ್ಚಿ ಬದಲಾದರೂ ಮೇಜಿನ ಮೇಲಿನ ಫೈಲು ಬದಲಾಗದು.

ಬೆಂಗಳೂರಿನ ಪೀಣ್ಯದ ಯಾವುದಾದರೂ ಗಾರ್ಮೆಂಟ್ಸ್ ಫ್ಲೋರಿಗೆ ಹೋಗಿ ನೋಡಿ. ಲೈನಿನ ತುದಿಯಲ್ಲೊಂದು ಬೋರ್ಡು. ಗಂಟೆಗೆ ಎಷ್ಟು ಪೀಸು ಆಗಬೇಕು, ಎಷ್ಟಾಯಿತು. ಕಾಲರ್ ಹೊಲಿಯುವವಳು ಕಾಲರ್ ಬಿಟ್ಟು ಬೇರೇನೂ ಹೊಲಿಯಳು. ಬಾತ್‌ರೂಮಿಗೆ ಎದ್ದರೆ ಅವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಸೂಪರ್‌ವೈಸರನ ಬಾಯಿ ಏಳುತ್ತದೆ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಗೋಡೆಯ ಮೇಲೆ ವಿದೇಶಿ ಬ್ರಾಂಡಿನ ನೀತಿಸಂಹಿತೆ, ಚೆನ್ನಾದ ಕನ್ನಡದಲ್ಲಿ. ಓದಲು ತಲೆಯೆತ್ತಿದರೆ ಎರಡು ಪೀಸು ಖೋತಾ.

ಆಡಿಟ್ ದಿನ ಮಾತ್ರ ಹಬ್ಬ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹತ್ತಿ ಬರುತ್ತದೆ. ಬಾತ್‌ರೂಮಿನಲ್ಲಿ ಸೋಪು ಬರುತ್ತದೆ. ಏನು ಕೇಳಿದರೆ ಏನು ಹೇಳಬೇಕೆಂದು ಹಿಂದಿನ ದಿನವೇ ಪಾಠವಾಗಿರುತ್ತದೆ. ಢಾಕಾ ಬಳಿಯ ರಾಣಾ ಪ್ಲಾಜಾ ಗಾರ್ಮೆಂಟ್ಸ್ ಕಟ್ಟಡ 2013ರಲ್ಲಿ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತಮೇಲೆ ಕೊಳ್ಳುವ ಬ್ರಾಂಡುಗಳ ಆತ್ಮಸಾಕ್ಷಿ ಭಾರಿ ಚುರುಕಾಗಿದೆ. ಎಲ್ಲವನ್ನೂ ಪರಿಶೀಲಿಸುತ್ತದೆ, ಅಂಗಿಗೆ ತಾನು ಕೊಡುವ ರೇಟೊಂದನ್ನು ಬಿಟ್ಟು.

ಏಪ್ರಿಲ್ 2016. ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿತ್ತು. ಯೂನಿಯನ್ ಇಲ್ಲ, ಮುಂದಾಳಿಲ್ಲ. ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ದಿಲ್ಲಿ ಮಣಿಯಿತು. ದೇಶದಲ್ಲಿ ಯಾರಿಂದಲೂ ಆಗದ್ದನ್ನು ಮಾಡಿದ ಆ ಹೆಂಗಸರ ಬಗ್ಗೆ ಬೆಂಗಳೂರು ಏನೆಂದಿತು? ಟ್ರಾಫಿಕ್ ಜಾಮ್ ಎಂದಿತು.

ಅದೇ ಬೆಂಗಳೂರಿನ ಸಾಫ್ಟ್‌ವೇರ್ ಹಿರಿಯರೊಬ್ಬರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರಲ್ಲಿ ಇನ್ನೊಂದು ದೊಡ್ಡ ಕಂಪನಿಯ ಮುಖ್ಯಸ್ಥರು ಅದನ್ನು 90ಕ್ಕೇರಿಸಿ, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದರು. ದೇಶ ಕೆರಳಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಕೆಂಡ ಕಾರಿದರು. ಶೋಷಣೆ, ಜೀತ, ಬಂಡವಾಳಶಾಹಿ. ಒಬ್ಬರಂತೂ ಕಾರ್ಲ್ ಮಾರ್ಕ್ಸ್ ಫೋಟೋನೇ ಹಾಕಿದರು.

ನಾಲ್ಕನೆಯ ದಿನ ಅದೇ ಗುಂಪಿನಲ್ಲಿ ಚರ್ಚೆ: ಮನೆಕೆಲಸದವರು ಯಾವ ಲಿಫ್ಟು ಬಳಸಬೇಕು? ಮನೆಗೆಲಸಕ್ಕೂ ಕನಿಷ್ಠ ಕೂಲಿ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ದೇಶಕ್ಕೆ ಮೊದಲಾಯಿತು. ಈಗ ಅದು ಎಷ್ಟಿದೆ ಎಂದು ಗುಂಪಿನಲ್ಲಿ ಕೇಳಿದೆ. ಇನ್ನೂರು ಮನೆ. ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ.

ಮಾರ್ಕ್ಸ್ ಫೋಟೋ ಹಾಕಿದವರ ಮನೆಯ ಬಾಗಿಲಲ್ಲಿ ಮೊನ್ನೆ ಶುಕ್ರವಾರ ಕಿವಿಗೆ ಬಿದ್ದ ಮಾತು ಇದು.

"ಅಮ್ಮಾ, ಇನ್ಮೇಲೆ ಭಾನುವಾರ ಬರೋಕಾಗಲ್ಲ. ಮಕ್ಕಳು ಮನೇಲಿರ್ತಾವೆ."

"ಆಯ್ತಮ್ಮ, ನಾವೇನ್ ಮನುಷ್ಯರಲ್ವಾ? ರಜೆ ತಗೋ. ಶನಿವಾರ ಸ್ವಲ್ಪ ಹೆಚ್ಚು ಹೊತ್ತು ಇದ್ದು ಭಾನುವಾರದ್ದೂ ಮುಗಿಸಿ ಹೋಗು."