ಅಮ್ಮನನ್ನು ಬಳಸುವ ಕ್ರಮ

ಮಸ್ಕತ್ತಿನ ಈ ಮನೆಯಲ್ಲಿ ಎಲ್ಲದಕ್ಕೂ ಕೈಪಿಡಿ ಇದೆ. ಬಟ್ಟೆ ಒಗೆಯುವ ಮಷೀನಿನದ್ದು ಅರಬ್ಬಿಯಲ್ಲಿ, ವಾಟರ್ ಹೀಟರಿನದ್ದು ಚೀನೀ ಭಾಷೆಯಲ್ಲಿ, ಮಿಕ್ಸಿಯದ್ದು ಹದಿನಾಲ್ಕು ಭಾಷೆಗಳಲ್ಲಿ. ಆ ಹದಿನಾಲ್ಕರಲ್ಲಿ ಕನ್ನಡ ಇಲ್ಲ. ಅಮ್ಮನಿಗೆ ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ. ಐದು ವರ್ಷ ಬರೀ ಅಂದಾಜಿನ ಮೇಲೆ ನಡೆಸಿದಿರಿ. ಮೊನ್ನೆ ಚಿಕ್ಕವನ ಕೆಜಿ ಪದವಿ ಪ್ರದಾನದ ವಿಡಿಯೋ ಮತ್ತೆ ನೋಡಿದ ಮೇಲೆ ಇನ್ನು ಹೀಗೆ ಸಾಗದು ಅನ್ನಿಸಿ ಅಮ್ಮನೇ ಕೂತು ಬರೆದದ್ದು ಇದು. ಅಪ್ಪ, ಅಕ್ಕ, ತಮ್ಮ ಮೂವರೂ ಪೂರ್ತಿ ಓದತಕ್ಕದ್ದು. ಓದುವುದಿಲ್ಲ ಎಂದು ಗೊತ್ತು. ಅದಕ್ಕೇ ಫ್ರಿಜ್ಜಿನ ಬಾಗಿಲಿಗೆ ಶಾಲೆಯ ಟೈಮ್‌ಟೇಬಲಿನ ಪಕ್ಕ ಅಂಟಿಸಿದೆ. ಮೊಸರು ತೆಗೆಯುವಾಗಲಾದರೂ ಎರಡು ಸಾಲು ಕಣ್ಣಿಗೆ ಬಿದ್ದೀತು.

ಯಂತ್ರದ ಪರಿಚಯ

ತಯಾರಿಕೆ ಪುತ್ತೂರು. ಎಡ ಹೃದಯದ ಎರಡು ಕೋಣೆಗಳ ನಡುವೆ ಮೈಟ್ರಲ್ ಎಂಬ ಒಂದು ಕವಾಟ ಇರುತ್ತದೆ. ಅಮ್ಮನದ್ದು ಮೂಲದ್ದಲ್ಲ, ಬದಲಿಸಿದ್ದು. ಮೂಲದ್ದು ಕೆಟ್ಟದ್ದು ನಾಲ್ಕನೇ ಕ್ಲಾಸಿನಲ್ಲಿ, ಒಂದು ಗಂಟಲು ನೋವಿನಿಂದ. ಗಂಟಲು ನೋವಿಗೂ ಹೃದಯಕ್ಕೂ ಏನು ಸಂಬಂಧ ಎಂದು ಅಜ್ಜಿ ಈಗಲೂ ಕೇಳುತ್ತಾರೆ. ಸಂಬಂಧ ಇದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಲ್ಲಿ ಕೂತಾಗ ಮೈ ಅದರ ಮೇಲೆ ಯುದ್ಧಕ್ಕೆ ಹೊರಡುತ್ತದೆ. ಕೆಲವು ಮಕ್ಕಳಲ್ಲಿ ಆ ಸೈನ್ಯಕ್ಕೆ ಶತ್ರು ಯಾರು, ಸ್ವಂತ ಕೀಲು ಮತ್ತು ಕವಾಟ ಯಾವುದು ಎಂಬ ಗುರುತು ಸಿಗದೆ ಮನೆಯನ್ನೇ ಹೊಡೆಯುತ್ತದೆ. ಇದಕ್ಕೆ ರುಮ್ಯಾಟಿಕ್ ಜ್ವರ ಎಂದು ಹೆಸರು. ಹೆಚ್ಚಾಗಿ ಐದರಿಂದ ಹದಿನೈದರ ಮಕ್ಕಳಿಗೇ ಬರುವುದು. ಮೊಣಕಾಲು ಊದಿತ್ತು. ಬೆಳೆಯುವ ನೋವು ಎಂದರು. ಬೆಳೆದೆ.

ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಶಾಲೆಯಲ್ಲಿ ಆಟದ ಪೀರಿಯಡ್ಡಿಗೆ ನನಗೆ ರಜೆ. ರಜೆ ಎಂದರೆ ಮೈದಾನದ ಅಂಚಿನ ಗೋಳಿಮರದ ಬುಡದಲ್ಲಿ ಕೂತು ಉಳಿದವರ ಚಪ್ಪಲಿ ಕಾಯುವುದು. ಐದಾರು ವರ್ಷ ಕಾದಿದ್ದೇನೆ. ಯಾರದ್ದು ಹವಾಯಿ, ಯಾರದ್ದು ಬಾಟಾ, ಯಾರ ಬಾರು ಪಿನ್ನಿನಲ್ಲಿ ನಿಂತಿದೆ, ಎಲ್ಲ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಬಂದಾಗ ಇಂಜೆಕ್ಷನ್ ತಾನಾಗಿ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಿದ್ದಲ್ಲ. ಪಬ್ಲಿಕ್ ಪರೀಕ್ಷೆ ಇತ್ತು, ಆಸ್ಪತ್ರೆಗೆ ಹೋಗಲು ಪುರುಸೊತ್ತಿರಲಿಲ್ಲ. ಒಂದು ಮನೆಯಲ್ಲಿ ಶಾಲೆಯ ಕ್ಯಾಲೆಂಡರೂ ಹೃದಯದ ಕ್ಯಾಲೆಂಡರೂ ಎದುರುಬದುರಾದರೆ ಗೆಲ್ಲುವುದು ಶಾಲೆಯದ್ದೇ. ಚಿಕ್ಕವನು ಹೊಟ್ಟೆಯಲ್ಲಿದ್ದಾಗ ಎರಡು ಮೆಟ್ಟಿಲಿಗೇ ಉಸಿರು ಕಟ್ಟಿತು. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುತ್ತದಲ್ಲ, ಕಿರಿದಾದ ಬಾಗಿಲಲ್ಲಿ ಅಷ್ಟೂ ಹಾಯಬೇಕು. ಹಳೆಯ ಲೆಕ್ಕ ಹೊರಬಿತ್ತು. ಅವನಿಗೆ ವರ್ಷ ತುಂಬಿದ ಮೇಲೆ ಊರಿಗೆ ಹೋಗಿ ಕವಾಟ ಬದಲಿಸಿದ್ದಾಯಿತು.

ಆದ್ದರಿಂದ ಸೂಚನೆ: ಮಕ್ಕಳಲ್ಲಿ ಯಾರಿಗಾದರೂ ಜ್ವರದ ಜೊತೆ ಗಂಟಲು ನೋವು ಬಂದರೆ ಅಮ್ಮ ಟಾರ್ಚ್ ಹಿಡಿದು 'ಆ ಅನ್ನು' ಎಂದು ಮೂರು ಸಲ ನೋಡುತ್ತಾಳೆ, ಅದೇ ದಿನ ಡಾಕ್ಟರ ಬಳಿ ಹೋಗೋಣ ಎನ್ನುತ್ತಾಳೆ. ಅದು ಯಂತ್ರದ ದೋಷವಲ್ಲ. ಹಾಗೆಯೇ ತಯಾರಾದದ್ದು.

ಸದ್ದಿನ ಬಗ್ಗೆ

ಯಂತ್ರದಿಂದ ಟಿಕ್ ಟಿಕ್ ಸದ್ದು ಬರುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ರಾತ್ರಿ ಏಸಿ ಆಫ್ ಮಾಡಿದರೆ ಮಲಗಿದವರಿಗೆಲ್ಲ ಕೇಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಮತ್ತು ಅವರ ತಂಡ ತಯಾರಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಜೋಡಿಸಿದ ನಮ್ಮ ದೇಶದ್ದೇ ಒಂದು ಕವಾಟ ಇದೆ. ಅದರ ಬಿಲ್ಲೆ ಗಟ್ಟಿ ಪ್ಲಾಸ್ಟಿಕ್ಕಿನದ್ದು, ಸದ್ದು ಕಡಿಮೆ. ನನ್ನ ಪಾಲಿಗೆ ಬಂದದ್ದು ಇಂಗಾಲದ ಎರಡು ರೆಕ್ಕೆಯದ್ದು. ಬಾಳಿಕೆ ಬರುತ್ತದೆ, ಮಾತೂ ಆಡುತ್ತದೆ.

ಚಿಕ್ಕವನು ಎಣಿಸಲು ಕಲಿತದ್ದು ಇದರಲ್ಲೇ. ಎದೆಗೆ ಕಿವಿ ಕೊಟ್ಟು ಒಂದು, ಎರಡು, ಮೂರು. ಕೆಜಿಗೆ ಸೇರಿಸುವಾಗ ಟೀಚರ್ ಇಪ್ಪತ್ತರವರೆಗೆ ಎಣಿಸು ಅಂದರು. ಅವನು ಕುರ್ಚಿಯಿಂದ ಇಳಿದು ಬಂದು ನನ್ನ ಎದೆಗೆ ಕಿವಿ ಇಟ್ಟು ಶುರುಮಾಡಿದ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತಿ ಬಂದಿದ್ದೆ. ನಲವತ್ತು ದಾಟಿದರೂ ನಿಲ್ಲಲಿಲ್ಲ, ಅದೂ ರೈಲಿನ ವೇಗದಲ್ಲಿ. ಸೀಟು ಸಿಕ್ಕಿತು.

ಇದರಲ್ಲೊಂದು ಗಂಭೀರ ಮಾತಿದೆ, ತಮಾಷೆಯಲ್ಲಿ ಕಳೆದುಹೋಗಬಾರದು. ಸದ್ದು ಮಂಕಾದರೆ, ಕೇಳಿಸದೇ ಹೋದರೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿರಬಹುದು. ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಎತ್ತಲಾಗದಿದ್ದರೆ ಆಗಲೂ ಅಷ್ಟೇ. ಕಾಯಬೇಡಿ, ಅಜ್ಜಿಗೆ ಫೋನ್ ಮಾಡಬೇಡಿ, 9999ಕ್ಕೆ ಮಾಡಿ. ಅಜ್ಜಿಗೆ ಆಮೇಲೆ.

ಇಂಧನ

ವಾರ್ಫರಿನ್ ಮಾತ್ರೆ, ದಿನಕ್ಕೊಮ್ಮೆ, ಸಂಜೆ ಆರೂವರೆಗೆ. ಆರೂವರೆಯೇ ಯಾಕೆಂದರೆ ಊರಲ್ಲಿ ಆಗ ಎಂಟು ಗಂಟೆ. ಅಜ್ಜಿ ಊಟಕ್ಕೆ ಏಳುವ ಮೊದಲು ಫೋನ್ ಮಾಡಿ "ಮಗಳೇ, ಮಾತ್ರೆ ತಕೊಂಡ್ಯಾ?" ಅನ್ನುತ್ತಾರೆ. ಮೊಬೈಲಿನ ಅಲಾರ್ಮನ್ನು ಬಾಯಿಮುಚ್ಚಿಸಬಹುದು, ಅಜ್ಜಿಯನ್ನು ಸಾಧ್ಯವಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವಂತಿಲ್ಲ. ಮನೆಯಲ್ಲಿ ಹದಿನೈದು ದಿನದ ದಾಸ್ತಾನು ಯಾವಾಗಲೂ ಇರತಕ್ಕದ್ದು. 2021ರ ಅಕ್ಟೋಬರಿನಲ್ಲಿ ಶಾಹೀನ್ ಚಂಡಮಾರುತ ಬಂದು ಶಾಲೆಗೆ ರಜೆ ಕೊಟ್ಟಾಗ ಮಕ್ಕಳು ಕುಣಿದರು. ಡಬ್ಬಿಯಲ್ಲಿ ಉಳಿದದ್ದು ನಾಲ್ಕೇ ಮಾತ್ರೆ ಎಂದು ನಾನು ಯಾರಿಗೂ ಹೇಳಲಿಲ್ಲ. ಈಗ ಹೇಳಿದೆ.

ಈ ಮಾತ್ರೆಯ ಚರಿತ್ರೆ ಚಿಕ್ಕವನಿಗೆ ಹೇಳಿದ್ದು ಅಪ್ಪನ ತಪ್ಪು. ಅಮೆರಿಕದಲ್ಲಿ ಬೂಸ್ಟು ಹಿಡಿದ ಹುಲ್ಲು ತಿಂದ ದನಗಳು ರಕ್ತ ಸೋರಿ ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ ವಸ್ತುವಿನ ಸೋದರನೇ 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಅಧ್ಯಕ್ಷ ಐಸೆನ್‌ಹೋವರ್ ಕೂಡ ಹೃದಯಾಘಾತದ ನಂತರ ಇದನ್ನೇ ನುಂಗಿದರು. ಕಥೆ ಚೆನ್ನಾಗಿದೆ. ಆದರೆ ಚಿಕ್ಕವನು ದನವನ್ನೂ ಐಸೆನ್‌ಹೋವರನನ್ನೂ ಬಿಟ್ಟು, ತರಗತಿಯಲ್ಲಿ 'ನನ್ನ ಕುಟುಂಬ' ಎಂಬ ಪಾಠಕ್ಕೆ ಎದ್ದು ನಿಂತು "ನಮ್ಮ ಅಮ್ಮ ದಿನಾ ಇಲಿ ಪಾಷಾಣ ತಿನ್ನುತ್ತಾರೆ" ಅಂದ. ಮಧ್ಯಾಹ್ನ ಟೀಚರ್ ಫೋನ್. ದನಿ ತುಂಬ ಮೆತ್ತಗಿತ್ತು. ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ಕೇಳಿದರು.

ಸೊಪ್ಪು. ಇದಕ್ಕೆ ಬೇರೆಯೇ ಪುಸ್ತಕ ಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಎದುರು ಎಳೆಯುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಒಂದೇ ಅಳತೆಯಲ್ಲಿರಬೇಕು. ಕರಾವಳಿಯವಳಿಗೆ ಇಂಥ ಶಿಕ್ಷೆ ಬೇರೆ ಇಲ್ಲ. ಬಾಲ್ಕನಿಯ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಸಳೆ ಹಬ್ಬಿದೆ, ಡಿಸೆಂಬರಿನಲ್ಲಂತೂ ನೋಡಿದರೇ ಬಾಯಲ್ಲಿ ನೀರು. ಬಸಳೆ ಬುಧವಾರ, ಒಂದೇ ಸೌಟು. ಒಮಾನಿ ಅಂಗಡಿಯಲ್ಲಿ ಜರ್ಜೀರ್ ಕಟ್ಟು ಅಗ್ಗವಾಗಿ ಸಿಕ್ಕಿತೆಂದು ಅಪ್ಪ ಐದು ಕಟ್ಟು ತರುವುದು ಪ್ರೀತಿ ಹೌದು, ಆದರೆ ಬೇಡ. ಬೇಸಿಗೆ ರಜೆಗೆ ಊರಿಗೆ ಹೋದಾಗ ಆಟಿ ತಿಂಗಳು ಬಂದರೆ ಪತ್ರೊಡೆ ಬರುತ್ತದೆ. ಎರಡು ತುಂಡು. ನಾಲ್ಕು ತಿಂದದ್ದು ಯಾರಿಗೂ ತಿಳಿಯದು ಅಂದುಕೊಂಡರೂ ಹದಿನೈದು ದಿನಕ್ಕೆ ರಕ್ತವೇ ಚಾಡಿ ಹೇಳುತ್ತದೆ. ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಅಮ್ಮನಿಗೆ ಇಲ್ಲ. ಅಜ್ಜಿ ಲೋಟ ಹಿಡಿದು ಬಂದರೆ ಅಕ್ಕ ಅಡ್ಡ ನಿಲ್ಲಬೇಕು. ಕೆಲಸ ಕಷ್ಟದ್ದು, ಗೊತ್ತು. ಮೈಕೈ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆಯೂ ಡಾಕ್ಟರನ್ನು ಕೇಳದೆ ಇಲ್ಲ.

ಅಂಕಪಟ್ಟಿ

ಈ ಮನೆಯಲ್ಲಿ ಪರೀಕ್ಷೆ ಬರೆಯುವವರು ಇಬ್ಬರು. ಅಕ್ಕನಿಗೆ ಹತ್ತನೆಯ ಬೋರ್ಡು, ಅಮ್ಮನಿಗೆ ಐಎನ್‌ಆರ್. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬುದರ ಅಂಕಿ ಅದು. ಈ ಮಾತ್ರೆ ನುಂಗದವರಿಗೆ ಒಂದರ ಸುತ್ತಮುತ್ತ, ಅಮ್ಮನಿಗೆ ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಕಡಿಮೆಯಾದರೆ ಕವಾಟ ಕಟ್ಟೀತು, ಹೆಚ್ಚಾದರೆ ರಕ್ತ ಸೋರೀತು. ಹೆಚ್ಚು ಅಂಕ ಬಂದರೂ ಫೇಲಾಗುವ ಪರೀಕ್ಷೆ ಇದೊಂದೇ. ಹೋದ ವಾರ ಅಕ್ಕನಿಗೆ ಗಣಿತದ ಪ್ರಿ-ಬೋರ್ಡಿನಲ್ಲಿ ತೊಂಬತ್ತನಾಲ್ಕು, ಅಮ್ಮನಿಗೆ 4.1. ಅಪ್ಪ ಒಂದೇ ಸೋಫಾದಲ್ಲಿ ಕೂತು ಅವಳಿಗೆ "ಆರು ಎಲ್ಲಿ ಹೋಯಿತು?" ಎಂದೂ ನನಗೆ "ಇದು ಎಲ್ಲಿಂದ ಬಂತು?" ಎಂದೂ ಕೇಳಿದರು. ನಾವಿಬ್ಬರೂ ಅಡುಗೆಮನೆಗೆ ಹೋಗಿ ನಕ್ಕೆವು. ಸೂಚನೆ: ಮನೆಗೆ ಬಂದವರನ್ನು "ಎಷ್ಟು ಬಂತು?" ಎಂದು ಬಾಗಿಲಲ್ಲೇ ಕೇಳಬಾರದು. ಚಪ್ಪಲಿ ಬಿಚ್ಚಲು ಬಿಡಿ.

ಪ್ರಾಜೆಕ್ಟ್. 'ನಾಳೆ ಕೊಡಬೇಕು' ಎಂಬ ಸುದ್ದಿ ರಾತ್ರಿ ಒಂಬತ್ತೂವರೆಯ ಮೊದಲು ಯಾವ ಮಗುವಿನ ಬಾಯಿಂದಲೂ ಬಂದ ದಾಖಲೆ ಇಲ್ಲ. ಥರ್ಮೋಕೋಲಿನಲ್ಲಿ ನಿಝ್ವಾ ಕೋಟೆ ಕತ್ತರಿಸುವಾಗ ಬ್ಲೇಡ್ ಅಮ್ಮನ ಕೈಗೆ ಕೊಡಬೇಡಿ. ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಕೊಟ್ಟಿದ್ದೀರಿ, ಕೋಟೆಯ ಒಂದು ಬುರುಜು ಕೆಂಪಾಯಿತು, ಅದಕ್ಕೆ ಟೀಚರ್ 'ಬಣ್ಣ ಸಹಜವಾಗಿದೆ' ಎಂದು ಬರೆದರು. ಅಂಟು ಹಚ್ಚುವ ಕೆಲಸ ಕೊಡಿ.

ಬಿಸಿಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ ಹೊರಗಿನ ಕೆಲಸ ಇಲ್ಲ ಎಂದು ಇಲ್ಲಿಯ ಸರಕಾರ ಕೂಲಿಗಾರರಿಗೆ ನಿಯಮ ಮಾಡಿದೆ. ಅದೇ ನಿಯಮ ಅಮ್ಮನಿಗೂ. 2018ರ ಜೂನಿನಲ್ಲಿ ನಮ್ಮ ನೆರೆಯ ಖುರಿಯಾತ್‌ನಲ್ಲಿ ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು. ಅಂಥ ದಿನದಲ್ಲಿ ಶಾಲೆಯ ಗೇಟಿನೆದುರು ಬಸ್ ಕಾಯಲು ಅಪ್ಪನೇ ಹೋಗಲಿ.

ಅತಿ ಕಾಳಜಿಯಿಂದಾಗುವ ಹಾನಿ

ಈಗ ವಿಡಿಯೋದ ವಿಷಯ. ಮಾರ್ಚ್ ತಿಂಗಳಲ್ಲಿ ಕೆಜಿ ಪದವಿ ಪ್ರದಾನ. ಇಷ್ಟೆತ್ತರದ ಮಕ್ಕಳಿಗೆ ಕಪ್ಪು ಗೌನು, ತಲೆಗೆ ಚೌಕದ ಟೊಪ್ಪಿ. ಸಭಾಂಗಣದಲ್ಲಿ ನಮ್ಮ ಸೀಟು ಮೇಲಿನ ಸಾಲಿನಲ್ಲಿತ್ತು, ನಾನು ಮೆಟ್ಟಿಲು ಹತ್ತಿದೆ, ಸ್ವಲ್ಪ ಏದುಸಿರು ಬಂತು, ಎರಡು ನಿಮಿಷದಲ್ಲಿ ಹೋಯಿತು. ಅಷ್ಟೇ ಆದದ್ದು. ಚಿಕ್ಕವನ ಹೆಸರು ಕರೆದರು. ಅಪ್ಪ ವಿಡಿಯೋ ಹಿಡಿದರು.

ಆ ವಿಡಿಯೋ ನಾಲ್ಕು ನಿಮಿಷ ಇದೆ. ಮೊದಲ ಹತ್ತು ಸೆಕೆಂಡು ವೇದಿಕೆ. ಆಮೇಲೆ ನನ್ನ ಕೆನ್ನೆ, ನನ್ನ ಕಿವಿಯ ಓಲೆ, ಏರಿಳಿಯುವ ನನ್ನ ಭುಜ. ಅಕ್ಕನ ದನಿ: "ಅಮ್ಮ, ನೀರು ಬೇಕಾ?" ಅಪ್ಪನ ದನಿ: "ಹೊರಗೆ ಹೋಗೋಣವಾ?" ಹಿನ್ನೆಲೆಯಲ್ಲಿ ಚಪ್ಪಾಳೆ. ಆ ಚಪ್ಪಾಳೆ ಅವನಿಗೆ. ಅವನು ಪ್ರಮಾಣಪತ್ರ ಎತ್ತಿ ತೋರಿಸಿದನಂತೆ, ನಮ್ಮ ಕಡೆಗೇ. ನಾವು ಮೂವರೂ ನೋಡಲಿಲ್ಲ. ನೀವು ನನ್ನನ್ನು ನೋಡುತ್ತಿದ್ದಿರಿ, ನಾನು ನನ್ನನ್ನು ನೋಡುತ್ತಿದ್ದ ನಿಮ್ಮನ್ನು.

ಆದ್ದರಿಂದ: ಶಾಲೆಯ ಸಮಾರಂಭಗಳಲ್ಲಿ ಫೋನು ವೇದಿಕೆಯ ಕಡೆಗಿರತಕ್ಕದ್ದು. ಅಮ್ಮ ಸದ್ದು ಮಾಡುತ್ತಿರುವವರೆಗೆ ಅಮ್ಮನನ್ನು ನೋಡುವ ಅಗತ್ಯವಿಲ್ಲ. ಹುಷಾರು ತಪ್ಪಿದರೆ ಅವಳೇ ಕೈ ಹಿಡಿಯುತ್ತಾಳೆ, ಐದು ವರ್ಷದಲ್ಲಿ ಒಮ್ಮೆಯೂ ಹಿಡಿಯದೆ ಬಿಟ್ಟಿಲ್ಲ. ಅಕ್ಕನಿಗೆ ಬೇರೆಯಾಗಿ ಒಂದು ಮಾತು. ಹನ್ನೆರಡು ಮುಗಿಸಿ ಮಂಗಳೂರಿಗೆ ಹೋಗುವುದಿಲ್ಲ, ಇಲ್ಲೇ ಏನಾದರೂ ಓದುತ್ತೇನೆ ಎಂದು ಅಪ್ಪನ ಹತ್ತಿರ ಹೇಳಿದ್ದು ನನಗೆ ತಿಳಿಯಿತು. ಭಾನುವಾರದಿಂದ ಮಾತ್ರೆಯ ಡಬ್ಬಿ ತುಂಬುವ ಕೆಲಸ ಅಪ್ಪನಿಗೆ ವರ್ಗವಾಗಿದೆ. ನಿನ್ನ ಜಾಗ ಇಲ್ಲಿ ಖಾಲಿಯಾಗಿದೆ ಮಗಳೇ, ಹೋಗಿ ಓದು.

ವಿಶೇಷ ಬಳಕೆ: ಈ ಗುರುವಾರ

ಒಂದನೆಯ ಕ್ಲಾಸಿನ ಕ್ರೀಡಾದಿನ. ಚಿಕ್ಕವನಿಗೆ ಕಪ್ಪೆ ಓಟ ಇದೆ. ಅಮ್ಮಂದಿರಿಗೆ ನಿಂಬೆಹಣ್ಣು ಚಮಚದ ಓಟ. ಯಾರನ್ನೂ ಕೇಳದೆ ಅವನು ನನ್ನ ಹೆಸರು ಕೊಟ್ಟು ಬಂದಿದ್ದಾನೆ. ಡಾಕ್ಟರನ್ನು ಕೇಳಿದೆ. ನಿಂಬೆಹಣ್ಣು ಬೀಳದ ವೇಗವಾದರೆ ಅಡ್ಡಿಯಿಲ್ಲ ಎಂದರು, ಬೀಳುವ ವೇಗವಾದರೆ ಹೇಗೂ ಸೋಲುತ್ತೀರಿ ಎಂದೂ ಸೇರಿಸಿದರು. ಬಸಳೆ ಎಂದಿನಂತೆ ಬುಧವಾರವೇ. ಬೆಳಿಗ್ಗೆ ಏಳಕ್ಕೆ ಮನೆ ಬಿಡುವುದು, ಅಜ್ಜಿಗೆ ಮುಂಚೆ ಹೇಳುವುದು ಬೇಡ. ಬರಿಗಾಲಲ್ಲಿ ನಡೆಯುತ್ತೇನೆ, ಸ್ಯಾಂಡಲ್ ಹಾಕಿದರೆ ಜಾರುತ್ತದೆ. ಚಿಕ್ಕವನು ಅವನ ಕ್ಲಾಸಿನ ಸಾಲಿನಲ್ಲಿರುತ್ತಾನೆ, ಅಕ್ಕ ವಿಡಿಯೋ ಹಿಡಿಯುತ್ತಾಳೆ. ಅಪ್ಪ ಮೈದಾನದ ಅಂಚಿನಲ್ಲಿ ನೆರಳು ನೋಡಿ ಕೂತು ನನ್ನ ಚಪ್ಪಲಿ ಕಾಯಬೇಕು.