ಅರ್ಧ ಕಂಡ್ರೂ ಗಿರಾಕಿ!

‘ಚಿಕ್ಕಣ್ಣ, ಒಂದು ಸ್ಟ್ರಾಂಗ್ ಟೀ! ಈ ತಿಂಗಳು ನಮ್ಮ ಉಪ್ಪಿನಕಾಯಿ ಜಾಹೀರಾತು 8 ಲಕ್ಷ ಸಲ ಜನಕ್ಕೆ ಮುಟ್ಟಿದೆ’ ಎನ್ನುತ್ತಾ ಆನ್‌ಲೈನ್ ಮಾರ್ಕೆಟಿಂಗ್ ಮ್ಯಾನೇಜರ್ ಮಂಜ ಲ್ಯಾಪ್‌ಟಾಪ್ ಬಿಚ್ಚಿದ.

‘ಶಿವಾ! ಉಪ್ಪಿನಕಾಯಿ ಎಷ್ಟು ಜನಕ್ಕೆ ಮುಟ್ತು ಸಾರ್?’

‘ಅದು ಸೇಲ್ಸ್‌ನೋರ ಡಿಪಾರ್ಟ್‌ಮೆಂಟು.’

‘ಜನ ನೋಡಿದ್ರು ಅಂತ ಹೆಂಗೆ ಗೊತ್ತಾಗುತ್ತೆ?’

‘ಜಾಹೀರಾತಿನ ಅರ್ಧ ಭಾಗ 1 ಸೆಕೆಂಡ್ ಸ್ಕ್ರೀನ್ ಮೇಲಿದ್ರೆ ಸಾಕು, ಕಂಡ ಲೆಕ್ಕ. ವಿಡಿಯೊ ಆದ್ರೆ 2 ಸೆಕೆಂಡ್. ರೂಲ್ಸೇ ಹಂಗಿದೆ.’

‘ಹಂಗಾದ್ರೆ ಈ ರಸ್ತೇಲಿ ಬಸ್ಸಲ್ಲಿ ಹೋಗೋರೆಲ್ಲ ನನ್ನ ಗಿರಾಕಿಗಳೇ ಅನ್ನಿ. ಅರ್ಧ ಬೋರ್ಡಾದ್ರೂ ಕಂಡಿರುತ್ತೆ!’

ಪಕ್ಕದಲ್ಲಿ ಬನ್ನು ಅದ್ದುತ್ತಿದ್ದ ಆಟೊ ರಾಜಣ್ಣ ಬಾಯಿ ಹಾಕಿದ: ‘ನಾನೂ ಮೊನ್ನೆ ನಿಮ್ಮ ಜಾಹೀರಾತು ಒತ್ತಿದ್ದೆ ಸಾರ್.’

‘ಭೇಷ್! ಇಷ್ಟ ಆಯ್ತಾ?’

‘ಮುಚ್ಚೋಣ ಅಂತ ಇಂಟು ಗುರುತು ಒತ್ತಕ್ಕೋದೆ. ಬೆರಳು ದಪ್ಪ.’

‘ಪರವಾಗಿಲ್ಲ, ಎಂಗೇಜ್‌ಮೆಂಟ್ ಆಯ್ತು.’

‘ಅಯ್ಯೋ, ಮನೇಲಿ ಹೆಂಡ್ತಿ ಇದ್ದಾಳೆ!... ಆವತ್ತಿಂದ ಏನು ನೋಡಿದ್ರೂ ನಿಮ್ಮ ಉಪ್ಪಿನಕಾಯಿ ಹಿಂದೇನೆ ಬರ್ತದೆ.’

‘ಅದು ರೀಟಾರ್ಗೆಟಿಂಗು.’

‘ನಮ್ಮೂರಲ್ಲಿ ಸಾಲ ಕೊಟ್ಟೋರು ಹಂಗೆ ಬರೋರು.’

‘ನಡುರಾತ್ರಿ 2 ಗಂಟೆಗೂ ಕ್ಲಿಕ್ ಬೀಳುತ್ತೆ, ಗೊತ್ತಾ?’

‘ಆ ಹೊತ್ತಲ್ಲಿ ಯಾರಿಗೆ ಸಾರ್ ಉಪ್ಪಿನಕಾಯಿ?’ ಚಿಕ್ಕಣ್ಣ ಬೆರಗಾದ.

‘ಕೆಲವು ಬಾಟ್‌ಗಳಿರ್ತವೆ. ಕಂಪ್ಯೂಟರೇ ಒತ್ತೋದು.’

‘ಕಂಪ್ಯೂಟರ್‌ಗೂ ಬಾಯಿ ಚಪಲ ಬಂತಾ!’

ಮಂಜನ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿ ಕುಣಿದ: ‘ಬಾಸು ಜಾಹೀರಾತಿನ ಬಜೆಟ್ ಡಬಲ್ ಮಾಡಿದ್ರು!’

‘ಮಾಲು ಖಾಲಿ ಆಯ್ತಾ?’

‘ಎಲ್ಲಿ? ಗೋಡೌನ್ ತುಂಬಿದೆ. ಅದಕ್ಕೇ ಡಬಲ್ಲು.’

ಚಿಕ್ಕಣ್ಣ ಗ್ಲಾಸು ಎತ್ತಿಕೊಂಡ: ‘15 ರೂಪಾಯಿ ಕೊಡಿ ಸಾರ್. ನಮ್ಮಲ್ಲಿ ಕುಡಿದೋರಿಗೆ ಮಾತ್ರ ಬಿಲ್ಲು.’